‘ಸಿಲಿಕಾನ್ ವ್ಯಾಲಿ’ ಸೀರೀಸನ್ನು ವಿಮರ್ಶಕರು ಸುಮ್ನೆ ತಲೆ ಮೇಲೆ ಹೊತ್ತು ಮೆರೆಸಿದರಾ?

ಪುಡಿಕಾಫಿ: ಎಚ್‌ಬಿಒದ ‘ಸಿಲಿಕಾನ್ ವ್ಯಾಲಿ’ಯನ್ನು ಎರಡನೇ ಸಲ ನೋಡಿ ಮುಗಿಸಿದೆ. 2014ರಿಂದ 2019ರವರೆಗೆ ಆರು ಸೀಸನ್, 53 ಕಂತು. ಸ್ಟಾರ್ಟಪ್ ಲೋಕವನ್ನು ಇಷ್ಟು ಚೆನ್ನಾಗಿ ಗೇಲಿ ಮಾಡಿದವರೇ ಇಲ್ಲ ಅಂತ ಆಗ ವಿಮರ್ಶಕರೆಲ್ಲ ಹೊಗಳಿದ್ದರು. ಈಗ ನೋಡಿದರೆ ಒಂದೇ ಕಥೆಯನ್ನು ಆರು ಸಲ ಹೇಳಿದ್ದಾರೆ. ಕಥಾನಾಯಕ ರಿಚರ್ಡ್‌ನ ಪೈಡ್ ಪೈಪರ್ ಕಂಪನಿ ಇನ್ನೇನು ಗೆದ್ದಿತು ಅನ್ನುವಾಗ ಅವನೇ ಏನೋ ಎಡವಟ್ಟು ಮಾಡುತ್ತಾನೆ, ಎಲ್ಲರೂ ಮತ್ತೆ ಮೊದಲಿದ್ದ ಜಾಗಕ್ಕೇ ವಾಪಸ್. ಅತ್ಯುತ್ತಮ ಕಾಮಿಡಿ ಸೀರೀಸ್ ಎಮ್ಮಿ ಪ್ರಶಸ್ತಿಗೆ ಸತತ ಐದು ವರ್ಷ ನಾಮಿನೇಟ್ ಆಯಿತು. ಒಂದು ಸಲವೂ ಸಿಗಲಿಲ್ಲ. ಕಾರಣ ಇದೇ.

ಬಗ್_ಬಸವ: “ಒಂದೇ ಕಥೆ”ನಾ? ನೀವು ಸ್ಟಾರ್ಟಪ್‌ನಲ್ಲಿ ಕೆಲಸ ಮಾಡಿದ್ದೀರಾ ಸರ್? ನಾನು ಮೂರರಲ್ಲಿ ಮಾಡಿದ್ದೇನೆ. ಮೂರರದ್ದೂ ಇದೇ ಕಥೆ. ಫಂಡಿಂಗ್ ಬಂತು ಅಂತ ಕೇಕ್ ಕಟ್ ಮಾಡಿದ ಮರುತಿಂಗಳೇ ಸಂಬಳ ಲೇಟು. ವ್ಯಾಲಿ ಅರ್ಥ ಆಗಬೇಕಾದರೆ ಈ ಸೀರೀಸ್ ನೋಡಿ ಅಂತ 2018ರಲ್ಲಿ ಬಿಲ್ ಗೇಟ್ಸ್ ಅವರೇ ಬರೆದರು. ಕೊನೆಯ ಕಂತಿನಲ್ಲಿ ಬಂದು ಮುಖವನ್ನೂ ತೋರಿಸಿದರು. ಇನ್ನೇನು ಬೇಕು?

ಸ್ಯಾನ್‌ಹೊಸೆ_ಸುಮಾ: ಗೇಟ್ಸ್ ಇರುವುದು ಸಿಯಾಟಲ್ ಕಡೆ, ವ್ಯಾಲಿಯಲ್ಲಲ್ಲ. 2014ರಲ್ಲಿ ಮೊದಲ ಕಂತು ನೋಡಿದ ಮಸ್ಕ್, ಈ ಸೀರೀಸ್ ಮಾಡಿದ ಮೈಕ್ ಜಡ್ಜ್ ಮರುಭೂಮಿಯಲ್ಲಿ ನಡೆಯುವ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಹೋಗಿಯೇ ಇಲ್ಲ ಅನಿಸುತ್ತದೆ, ವ್ಯಾಲಿ ಅಂದರೆ ಅದೇ ಅಂದಿದ್ದ. ಅದು ಹಾಗಿರಲಿ. ಮೊದಲ ಸೀಸನ್‌ನಲ್ಲಿ ಹೆಂಗಸರು ಎಷ್ಟು ಜನ? ಮೋನಿಕಾ ಬಿಟ್ಟರೆ ಕಥೆಯಲ್ಲಿ ನಿಲ್ಲುವ ಇನ್ನೊಬ್ಬಳ ಹೆಸರು ಹೇಳಿ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು, ನನ್ನ ಟೀಮಿನಲ್ಲಿ ನಾಲ್ವರು ಹೆಂಗಸರಿದ್ದೇವೆ.

ಬಗ್_ಬಸವ: ಮಸ್ಕ್ ಸಾಕ್ಷಿ ಬೇರೆ! ಮೈಕ್ ಜಡ್ಜ್ 1987ರಲ್ಲಿ ಅಲ್ಲೇ ಒಂದು ಗ್ರಾಫಿಕ್ಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. ಮೂರು ತಿಂಗಳೊಳಗೆ ರೋಸಿ ಹೋಗಿ ಬಿಟ್ಟ. ಇನ್ನು ಗಂಡಸರೇ ತುಂಬಿದ್ದಾರೆ ಅಂತ ಎಲ್ಲರೂ ಬೈದ ಆ ಸಭಿಕರ ದೃಶ್ಯ ಇದೆಯಲ್ಲ, ಅದರಲ್ಲಿರುವುದು ನಿಜವಾದ ಟೆಕ್‌ಕ್ರಂಚ್ ಡಿಸ್ರಪ್ಟ್ ಅನ್ನುವ ಸ್ಟಾರ್ಟಪ್ ಸಮ್ಮೇಳನಕ್ಕೆ ಬಂದ ಜನ. ಕನ್ನಡಿ ಒಡೆದು ಏನು ಪ್ರಯೋಜನ?

ಸ್ಯಾನ್‌ಹೊಸೆ_ಸುಮಾ: “ಮೂರು ತಿಂಗಳು.” ನೀವೇ ಹೇಳಿದಿರಿ. ಅದೂ 1987ರಲ್ಲಿ.

ನಾಗರಭಾವಿ_ನಾಗ: ಕನ್ನಡಿ ಅಂತೆ! ಪಾಕಿಸ್ತಾನದಿಂದ ಬಂದ ಪಾತ್ರಕ್ಕೆ ದಿನೇಶ್ ಚುಗ್ತಾಯಿ ಅಂತ ಹೆಸರಿಟ್ಟಿದ್ದಾರೆ. ಚುಗ್ತಾಯಿ ಮುಸ್ಲಿಂ ಮನೆತನದ ಹೆಸರು. ದಿನೇಶ್ ನಮ್ಮ ಪಕ್ಕದ ಮನೆ ಹುಡುಗ. ಕಂದು ಬಣ್ಣದವರೆಲ್ಲ ಇವರಿಗೆ ಒಂದೇ. ಯಾವ ವಿಮರ್ಶಕ ಇದನ್ನು ಕೇಳಿದ?

ಬಗ್_ಬಸವ: ಪಾಕಿಸ್ತಾನದಲ್ಲಿ ಹಿಂದೂಗಳಿಲ್ವಾ? ಕ್ರಿಕೆಟ್ ನೋಡಿಲ್ವಾ ನೀವು? ಕನೇರಿಯಾ, 61 ಟೆಸ್ಟ್, 261 ವಿಕೆಟ್.

ನಾಗರಭಾವಿ_ನಾಗ: ಕನೇರಿಯಾ ಹೆಸರು ದಾನಿಷ್, ಸ್ವಾಮೀ. ದಿನೇಶ್ ಅಲ್ಲ.

ಬಗ್_ಬಸವ: ಪೂರ್ತಿ ಹೆಸರು ದಾನಿಷ್ ಪ್ರಭಾ ಶಂಕರ್ ಕನೇರಿಯಾ. ಅವನಿಗಿಂತ ಮುಂಚೆ ಅನಿಲ್ ದಲಪತ್ ವಿಕೆಟ್ ಕೀಪರ್ ಆಗಿದ್ದ. ಇಬ್ಬರೂ ಕರಾಚಿಯವರು. ದಿನೇಶ್ ಪಾತ್ರ ಮಾಡಿದ ಕುಮೈಲ್ ನಂಜಿಯಾನಿಯೂ ಕರಾಚಿಯಲ್ಲೇ ಹುಟ್ಟಿದವನು. ಅವನೇ ಒಪ್ಪಿಕೊಂಡ ಹೆಸರಿಗೆ ನಾಗರಭಾವಿಯಲ್ಲಿ ಕೂತು ನಿಮ್ಮದೇನು ತಕರಾರು?

ನಾಗರಭಾವಿ_ನಾಗ: “ಒಪ್ಪಿಕೊಂಡ” ಅಂತೆ. ಸಂಬಳ ಕೊಡುವವರು ಇಟ್ಟ ಹೆಸರನ್ನು ಯಾರು ಬೇಡ ಅಂತಾರೆ? ಕಾಲ್ ಸೆಂಟರ್‌ನಲ್ಲಿ ನಾನು ಮೂರು ವರ್ಷ ‘ನಿಕ್’ ಆಗಿದ್ದೆ. ಹೆಡ್‌ಸೆಟ್ ತೆಗೆದಿಟ್ಟು ಕ್ಯಾಂಟೀನ್‌ಗೆ ಹೋದರೂ ಹುಡುಗರು ನಿಕ್ ಅಂತಲೇ ಕರೆಯುತ್ತಿದ್ದರು. ಒಂದು ದಿನ ಅಮ್ಮ ಫೋನ್ ಮಾಡಿದಾಗಲೂ ಬಾಯಲ್ಲಿ ಅದೇ ಬಂತು. ನಾನೂ ಒಪ್ಪಿಕೊಂಡಿದ್ದೆ.

ಲೆಕ್ಕದ_ಮೇಷ್ಟ್ರು: ಸ್ವಲ್ಪ ವಿಷಯಕ್ಕೆ ಬರೋಣವೇ? ಕಂಪ್ರೆಷನ್ (ಫೈಲ್ ಗಾತ್ರ ಕುಗ್ಗಿಸುವುದು) ಅಳೆಯಲು ‘ವೈಸ್‌ಮನ್ ಸ್ಕೋರ್’ ಅಂತ ಬರುತ್ತದಲ್ಲ, ಅದನ್ನು ಈ ಸೀರೀಸ್‌ಗಾಗಿಯೇ ಮಾಡಿಕೊಟ್ಟವರು ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ತ್ಸಾಖಿ ವೈಸ್‌ಮನ್ ಮತ್ತು ಅವರ ವಿದ್ಯಾರ್ಥಿ. ಮೊದಲ ಸೀಸನ್ ಕೊನೆಯಲ್ಲಿ ಬೋರ್ಡ್ ಮೇಲೆ ಬರೆಯುವ ಆ ಪೋಲಿ ಜೋಕಿನ ಲೆಕ್ಕವನ್ನೂ ಆ ವಿದ್ಯಾರ್ಥಿ ಗಂಭೀರವಾಗಿ ಕೂತು ಪೇಪರ್ ಮಾಡಿದ್ದಾನೆ. ಇಷ್ಟು ಶ್ರದ್ಧೆ ಯಾವ ಕಾಮಿಡಿಯಲ್ಲಿದೆ?

ಸ್ಯಾನ್‌ಹೊಸೆ_ಸುಮಾ: ಪೋಲಿ ಜೋಕಿಗೆ ಪ್ರೊಫೆಸರ್ ಸಿಕ್ಕಿದರು. ಎರಡನೇ ಹೆಂಗಸು ಸಿಗಲಿಲ್ಲ.

ಲೆಕ್ಕದ_ಮೇಷ್ಟ್ರು: ಎರಡನೇ ಸೀಸನ್‌ನಲ್ಲಿ ಕಾರ್ಲಾ ಬರುತ್ತಾಳೆ ಮೇಡಂ, ಲಾರೀ ಬ್ರೀಮ್ ಬರುತ್ತಾಳೆ.

ಸ್ಯಾನ್‌ಹೊಸೆ_ಸುಮಾ: ಬೈಸಿಕೊಂಡ ಮೇಲೆ ಬಂದರು. ನಾನು ಕೇಳಿದ್ದು ಮೊದಲ ಸೀಸನ್.

ಪುಡಿಕಾಫಿ: ಯಾರಾದರೂ ನನ್ನ ಪ್ರಶ್ನೆಗೆ ಉತ್ತರ ಕೊಡುತ್ತೀರಾ? ನಾಲ್ಕನೇ ಸೀಸನ್ ಆದ ಮೇಲೆ ಟಿ.ಜೆ. ಮಿಲ್ಲರ್ ಹೋದ, ಅವನು ಮಾಡುತ್ತಿದ್ದ ಎರ್ಲಿಕ್ ಪಾತ್ರ ಇಲ್ಲದೆ ಇನ್ನಷ್ಟು ಸಪ್ಪೆ ಆಯಿತು. ಅದನ್ನಾದರೂ ಒಪ್ಪುತ್ತೀರಾ?

ಬಗ್_ಬಸವ: ಸಪ್ಪೆಯಂತೆ! ಐದನೇ ಸೀಸನ್ ಟೈಟಲ್‌ನಲ್ಲಿ ಫೇಸ್‌ಬುಕ್ ಲೋಗೊ ಒಂದು ಕ್ಷಣ ರಷ್ಯನ್ ಅಕ್ಷರಕ್ಕೆ ತಿರುಗುತ್ತದೆ. ಕಣ್ಣು ಮಿಟುಕಿಸಿದರೆ ಹೋಯಿತು. ಎರಡು ಸಲ ನೋಡಿದ್ದೀರಿ, ಅದು ಕಂಡಿತಾ?

ಪುಡಿಕಾಫಿ: ಟೈಟಲ್ ಸ್ಕಿಪ್ ಮಾಡುತ್ತೇನೆ.

ಬಗ್_ಬಸವ: 🙏

ನಾಗರಭಾವಿ_ನಾಗ: ದಲಪತ್ ಹೆಸರು ಅನಿಲ್. ಅವನೂ ದಿನೇಶ್ ಅಲ್ಲ. ಚುಗ್ತಾಯಿಯಂತೂ ಅಲ್ಲವೇ ಅಲ್ಲ.