ಸ್ಯಾಟಲೈಟ್ ರೇಡಿಯೋಗೆ ದುಡ್ಡು ಕಟ್ಟಬೇಕಾ? ಇವತ್ತು ಮೇಷ್ಟ್ರನ್ನು ಕೇಳಿ

ಅಡ್ಮಿನ್: ಅಮೆರಿಕದಲ್ಲಿ ಹೊಸ ಕಾರ್ ತೆಗೆದುಕೊಂಡ ನಮ್ಮವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಉಪಗ್ರಹದಿಂದ ಕಾರಿಗೆ ಬರುವ, ತಿಂಗಳ ದುಡ್ಡಿನ ರೇಡಿಯೋ ಸಿರಿಯಸ್‌ಎಕ್ಸ್‌ಎಂ ಫ್ರೀ ಟ್ರಯಲ್ ಮುಗಿಯುತ್ತಿದೆ, ಮುಂದುವರಿಸಬೇಕಾ ಬೇಡವಾ? ನ್ಯೂಜೆರ್ಸಿಯಲ್ಲಿ ಕಾರ್ ಆಡಿಯೋ ಕೂರಿಸುವ ನಮ್ಮ ಮೇಷ್ಟ್ರು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ಡಲ್ಲಾಸ್ ಗೌಡ್ರು: ನಮಸ್ಕಾರ ಮೇಷ್ಟ್ರೇ. ಆಫೀಸಿಗೆ 20 ನಿಮಿಷದ ದಾರಿ. ಕಟ್ಟಲಾ?

ಮೇಷ್ಟ್ರು: ನಮಸ್ಕಾರ ಗೌಡ್ರೇ. ಬೇಡ. ನೀವು ಊರೊಳಗೇ ಓಡಾಡುತ್ತೀರಿ, ದಾರಿಯುದ್ದಕ್ಕೂ ಫೋನ್ ಸಿಗ್ನಲ್ ಇದೆ. ಫೋನ್ ಜೋಡಿಸಿದರೆ ಬೇಕಾದ್ದು ಸಿಗುತ್ತದೆ. ಈ ರೇಡಿಯೋಗೆ ಬೆಲೆ ಬರುವುದು ಫೋನ್ ಸತ್ತುಹೋಗುವ ರಸ್ತೆಯಲ್ಲಿ. ಮೊಂಟಾನಾ, ನೆವಾಡಾ, ಪಶ್ಚಿಮ ಟೆಕ್ಸಾಸ್ ಕಡೆ ಗಂಟೆಗಟ್ಟಲೆ ಓಡಿಸುವವರಿಗೆ, ಟ್ರಕ್‌ನವರಿಗೆ ಇದು ನಿಜವಾಗಿ ಬೇಕು. ಉಳಿದವರು ತಿಂಗಳ ಬಿಲ್ಲನ್ನು ಕೇಳಿದ ಗಂಟೆಗಳಿಂದ ಭಾಗಿಸಿ ನೋಡಿ. ಕಾರಲ್ಲಿ ಕೂತ ಗಂಟೆ ಅಲ್ಲ, ಕೇಳಿದ ಗಂಟೆ. ಬಿಲ್ ಅಂದರೆ ಜಾಹೀರಾತಿನ ರೇಟೂ ಅಲ್ಲ. ಅದರ ಮೇಲೆ ಮ್ಯೂಸಿಕ್ ರಾಯಲ್ಟಿ ಫೀ, ತೆರಿಗೆ ಎರಡೂ ಸೇರುತ್ತವೆ. ಶುರುವಿನ ಆಫರ್ ಮುಗಿದ ಮೇಲೆ ಪೂರ್ತಿ ರೇಟಿಗೆ ತಾನಾಗಿ ಮುಂದುವರಿಯುತ್ತದೆ. ಆ ರೇಟಿಗೇ ಲೆಕ್ಕ ಹಾಕಿ.

ಮಂಡ್ಯ ಬಾಯ್: ಸರ್, ನನ್ನದು 25 ನಿಮಿಷ ಡ್ರೈವ್. ತೆಗೆದುಕೊಳ್ಳಬಹುದಾ?

ಮೇಷ್ಟ್ರು: ಗೌಡ್ರಿಗೆ ಹೇಳಿದ್ದೇ ನಿಮಗೂ.

ಫ್ರೀಮಾಂಟ್ ಸೊಸೆ: ಅತ್ತೆ ಮಾವ ಮೈಸೂರಿನಿಂದ ಬರುತ್ತಿದ್ದಾರೆ. ಕನ್ನಡ ಚಾನೆಲ್ ನಂಬರ್ ಎಷ್ಟು ಸರ್?

ಮೇಷ್ಟ್ರು: ಕನ್ನಡ ಚಾನೆಲ್ ಇಲ್ಲಮ್ಮ. ಅವರ ಫೋನಿಗೆ ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್ ಹಾಕಿಕೊಡಿ. ಆಕಾಶವಾಣಿ ಕನ್ನಡ ಬರುತ್ತದೆ, ದುಡ್ಡಿಲ್ಲ.

ಕ್ರಿಕೆಟ್ ಕಾಕಾ: ವಿಶ್ವಕಪ್ ಕಾಮೆಂಟರಿ ಬರುತ್ತದಾ?

ಮಲ್ನಾಡ್ ಹುಡುಗಿ: ಮೇಷ್ಟ್ರೇ, ನಾನು ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್‌ನಲ್ಲಿದ್ದೇನೆ. ಕೆಲಸ ಪ್ಲಿಮತ್‌ನಲ್ಲಿ. ಐ-93 ಹೆದ್ದಾರಿಯಲ್ಲಿ ದಿನಾ ಹೋಗಿ ಬರುತ್ತೇನೆ. ಬೆಳಿಗ್ಗೆ ಹೋಗುವಾಗ ರೇಡಿಯೋ ಚೆನ್ನಾಗಿ ಹಾಡುತ್ತದೆ. ಸಂಜೆ ಅದೇ ರಸ್ತೆಯಲ್ಲಿ ಬರುವಾಗ ಕಡಿದು ಕಡಿದು ಬರುತ್ತದೆ. ಇಂಥದ್ದಕ್ಕೆ ಯಾಕೆ ದುಡ್ಡು ಕೊಡಬೇಕು ಅಂತ ನಮ್ಮವರು ಬೈಯುತ್ತಿದ್ದಾರೆ. ಸಂಜೆ ಹೊತ್ತು ಸಿಗ್ನಲ್ ಕಡಿಮೆಯಾಗುತ್ತದಾ?

ಮೇಷ್ಟ್ರು: ಇಲ್ಲಮ್ಮ, ಹೊತ್ತಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಒಂದು ದಿಕ್ಕಿಗೆ ಸರಿ, ಇನ್ನೊಂದು ದಿಕ್ಕಿಗೆ ಇಲ್ಲ ಅಂದಿರಲ್ಲ, ಅದು ಒಳ್ಳೇ ಸುಳಿವು. ಕಾರಿನ ಮೇಲೆ ಏನಾದರೂ ಕಟ್ಟಿದ್ದೀರಾ?

ಮಲ್ನಾಡ್ ಹುಡುಗಿ: ಹೌದು! ಪ್ಲಾಸ್ಟಿಕ್ ಲಗೇಜ್ ಬಾಕ್ಸ್ ಇದೆ. ಬೇಸಿಗೆಯಲ್ಲಿ ಕ್ಯಾಂಪಿಂಗ್‌ಗೆ ಹೋಗಿದ್ದು, ಇನ್ನೂ ಇಳಿಸಿಲ್ಲ. ಒಳಗೆ ಗ್ಯಾಸ್ ಸ್ಟೌ, ಮಡಚುವ ಕುರ್ಚಿ, ಇಡ್ಲಿ ಪಾತ್ರೆ, ದೊಡ್ಡ ಕುಕ್ಕರ್.

ಮೇಷ್ಟ್ರು: ಅಲ್ಲೇ ಇದೆ ನೋಡಿ. ಈ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿವೆ. ಅಮೆರಿಕದಿಂದ ನೋಡಿದರೆ ನೆತ್ತಿಯ ಮೇಲಲ್ಲ, ದಕ್ಷಿಣಕ್ಕೆ ಓರೆಯಾಗಿ ಕಾಣುತ್ತವೆ. ನೀವಿರುವಷ್ಟು ಉತ್ತರಕ್ಕೆ ಹೋದರೆ ಇನ್ನೂ ತಗ್ಗಿನಲ್ಲಿ. ಹಾಗಾಗಿ ಆಂಟೆನಾಗೆ ದಕ್ಷಿಣದ ಆಕಾಶ ತೆರೆದಿರಬೇಕು. ನಿಮ್ಮ ಕಾರಿನ ಆಂಟೆನಾ ಮೀನಿನ ರೆಕ್ಕೆಯ ಹಾಗೆ ಛಾವಣಿಯ ಹಿಂಭಾಗದಲ್ಲಿ ಇರುತ್ತದೆ. ಬಾಕ್ಸ್ ಅದರ ಮುಂದೆ. ಬೆಳಿಗ್ಗೆ ಉತ್ತರಕ್ಕೆ ಹೋಗುತ್ತೀರಿ, ಆಗ ಬಾಕ್ಸ್ ಆಂಟೆನಾದ ಉತ್ತರಕ್ಕೆ, ತೊಂದರೆ ಇಲ್ಲ. ಸಂಜೆ ದಕ್ಷಿಣಕ್ಕೆ ಮುಖ ಮಾಡಿದರೆ ಅದೇ ಬಾಕ್ಸ್ ಉಪಗ್ರಹಕ್ಕೆ ಅಡ್ಡ ನಿಲ್ಲುತ್ತದೆ. ಬರೀ ಪ್ಲಾಸ್ಟಿಕ್ ಆಗಿದ್ದರೆ ಅಷ್ಟೇನೂ ತಡೆಯುತ್ತಿರಲಿಲ್ಲ. ಒಳಗೆ ಕುಕ್ಕರ್ ಇದೆ, ಪಾತ್ರೆ ಇದೆ. ಲೋಹ ದಾಟಿ ಸಿಗ್ನಲ್ ಬರುವುದಿಲ್ಲ. ದೊಡ್ಡ ಊರಲ್ಲಿ ಕಂಪನಿಯ ರಿಪೀಟರ್‌ಗಳು ನೆಲದಿಂದಲೇ ಸಿಗ್ನಲ್ ಕೊಡುತ್ತವೆ, ಅಲ್ಲಿ ಇದು ಗೊತ್ತೇ ಆಗುವುದಿಲ್ಲ. ಬಾಕ್ಸ್ ಇಳಿಸಿ ಎರಡು ಸಂಜೆ ಓಡಿಸಿ ನೋಡಿ. ಆಮೇಲೂ ಕಡಿದರೆ ಆಂಟೆನಾ ಕೇಬಲ್ ನೋಡೋಣ. ಅಲ್ಲಿಯವರೆಗೆ ಯಾರಿಗೂ ರಿಪೇರಿಗೆ ದುಡ್ಡು ಕೊಡಬೇಡಿ.

ಟ್ಯಾಂಪಾ ಅಂಕಲ್: ಫಾರ್ವರ್ಡ್ ಆಗಿ ಬಂದಿದ್ದು 🙏 ಬ್ಯಾಟರಿ ವೈರ್ 10 ನಿಮಿಷ ತೆಗೆದಿಟ್ಟರೆ ಫ್ರೀ ಟ್ರಯಲ್ ಮತ್ತೆ ಶುರು. ಆಂಟೆನಾಗೆ ಅಡುಗೆ ಫಾಯಿಲ್ ಸುತ್ತಿದರೆ ಸಿಗ್ನಲ್ ಡಬಲ್. ಎಲ್ಲರಿಗೂ ತಲುಪಿಸಿ.

ಮೇಷ್ಟ್ರು: ಈಗಷ್ಟೇ ಲೋಹ ಅಡ್ಡ ಬಂದರೆ ಏನಾಗುತ್ತದೆ ಅಂತ ಅಷ್ಟುದ್ದ ಬರೆದೆ. ಫಾಯಿಲ್ ಸುತ್ತಿದರೆ ಇರುವ ಸಿಗ್ನಲ್ಲೂ ಹೋಗುತ್ತದೆ. ಟ್ರಯಲ್ ಲೆಕ್ಕ ನಿಮ್ಮ ಬ್ಯಾಟರಿಯಲ್ಲಿಲ್ಲ. ಪ್ರತಿ ರೇಡಿಯೋಗೂ ಒಂದು ಐಡಿ ಇದೆ, ಚಾನೆಲ್ 0 ಹಾಕಿದರೆ ಕಾಣುತ್ತದೆ. ಲೆಕ್ಕ ಆ ಐಡಿ ಮೇಲೆ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತದೆ. ವೈರ್ ಕಿತ್ತರೆ ಕೆಲವು ಕಾರಲ್ಲಿ ರೇಡಿಯೋ ಲಾಕ್ ಆಗಿ ಕೋಡ್ ಕೇಳುತ್ತದೆ. ಆಮೇಲೆ ನಮ್ಮ ಅಂಗಡಿಗೆ ಬರುತ್ತೀರಿ. ಬನ್ನಿ, ಬಿಲ್ ಹಾಕುತ್ತೇನೆ.

ಟ್ಯಾಂಪಾ ಅಂಕಲ್: ಸುಮ್ನೆ ಬಂದಿದ್ದನ್ನು ಕಳಿಸಿದೆ. ಇಷ್ಟು ಸಿಟ್ಟು ಯಾಕೆ?

ಜಯನಗರ ರಾಯರು: ಸ್ಯಾಟಲೈಟ್ ರೇಡಿಯೋ ಅಂದರೆ ವರ್ಲ್ಡ್‌ಸ್ಪೇಸ್ ಕಥೆಯೇ. ಆಗ ನಮ್ಮ ಭಾರತದಲ್ಲಿ ದುಡ್ಡು ಕಟ್ಟಿ ಕೇಳುತ್ತಿದ್ದ ಸ್ಯಾಟಲೈಟ್ ರೇಡಿಯೋ ಅದು, ಕನ್ನಡಕ್ಕೇ ಸ್ಪರ್ಶ ಅಂತ ಚಾನೆಲ್ ಇತ್ತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಬಂದ್. ಇದಕ್ಕೂ ಅದೇ ಗತಿ. ಯಾರೂ ದುಡ್ಡು ಹಾಕಬೇಡಿ.

ಡಲ್ಲಾಸ್ ಗೌಡ್ರು: ಅದು ಬೇರೆ, ಇದು ಬೇರೆ ರಾಯರೇ. ಅದನ್ನು ಕಿಟಕಿ ಹತ್ತಿರ ಇಟ್ಟು ಆಂಟೆನಾ ತಿರುಗಿಸುತ್ತಾ ಕೂರಬೇಕಿತ್ತು. ಇಲ್ಲಿಯದು ಕಾರಿಗಂತಲೇ ಬೆಳೆದದ್ದು.

ಜಯನಗರ ರಾಯರು: 2008ರಲ್ಲಿ ಸಿರಿಯಸ್, ಎಕ್ಸ್‌ಎಂ ಸೇರಿ ಒಂದೇ ಕಂಪನಿ ಆಯಿತು. ಪೈಪೋಟಿ ಇಲ್ಲದ ಮೇಲೆ ರೇಟ್ ಕೇಳುವವರು ಯಾರು?

ಡಲ್ಲಾಸ್ ಗೌಡ್ರು: ಸ್ಪಾಟಿಫೈ, ಯೂಟ್ಯೂಬ್ ಮತ್ತೇನು? ಪೈಪೋಟಿ ಅಲ್ವಾ?

ಜಯನಗರ ರಾಯರು: ಸ್ಪರ್ಶ ಕೇಳಿದವರಿಗೆ ಗೊತ್ತು. ನೀವು ಆಗ ಬೆಂಗಳೂರಲ್ಲಿ ಇದ್ದಿರಾ?

ಡಲ್ಲಾಸ್ ಗೌಡ್ರು: ನಾನು ಎಲ್ಲಿದ್ದರೆ ನಿಮಗೇನು?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಬೇಕಾದರೆ ಬೇರೆ ಪೋಸ್ಟ್ ಹಾಕಿಕೊಳ್ಳಿ.

ಕ್ರಿಕೆಟ್ ಕಾಕಾ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.

ಆಸ್ಟಿನ್ ಆಫರ್: ಯಾರಿಗೆ ಲೈಫ್‌ಟೈಮ್ ಆ್ಯಕ್ಟಿವೇಷನ್ ಬೇಕು? ಒಂದೇ ಸಲ 60 ಡಾಲರ್. ಇನ್‌ಬಾಕ್ಸ್ ಮಾಡಿ.

ಮೇಷ್ಟ್ರು: ಯಾರೂ ಮಾಡಬೇಡಿ. ದುಡ್ಡೂ ಹೋಗುತ್ತದೆ, ಕಾರ್ಡ್ ನಂಬರೂ ಹೋಗುತ್ತದೆ. ಅಡ್ಮಿನ್, ಇವರನ್ನು ತೆಗೆಯಿರಿ.

ಬಾಸ್ಟನ್ ಬಸವ: ಸರ್, ಆಫೀಸ್ ಅರ್ಧ ಗಂಟೆ ದೂರ. ಕಟ್ಟಬಹುದಾ?

ಮೇಷ್ಟ್ರು: ಮೇಲೆ ಓದಿ.

ಬಾಸ್ಟನ್ ಬಸವ: ಒಂದು ಮಾತು ಹೇಳಿದರೆ ಏನಾಗುತ್ತಿತ್ತು ಸರ್?

ಮಲ್ನಾಡ್ ಹುಡುಗಿ: ಮೇಷ್ಟ್ರೇ, ಬಾಕ್ಸ್ ಪೂರ್ತಿ ಇಳಿಸಲು ಆಗಲಿಲ್ಲ. ಪಾತ್ರೆ, ಸ್ಟೌ ಎಲ್ಲ ತೆಗೆದು ಖಾಲಿ ಮಾಡಿದೆ. ನಿನ್ನೆ ಸಂಜೆ ಕಾಡು ಒತ್ತಾಗಿರುವ ಕಡೆ ಮಾತ್ರ ಒಂದೆರಡು ಸಲ ನಿಂತಿತು. ಹಾಗಾದರೆ ಮುಂದುವರಿಸಲಾ?

ಮೇಷ್ಟ್ರು: ಮರ ಅಡ್ಡ ಬಂದರೆ ಅಷ್ಟು ಆಗುತ್ತದೆ, ಕೇಬಲ್ ಸರಿ ಇದೆ. ಮುಂದುವರಿಸುವುದು ನಿಮ್ಮ ಫೋನ್ ಮೇಲೆ. ಒಂದು ವಾರ ರೇಡಿಯೋ ಮುಟ್ಟದೆ ಫೋನಿನಲ್ಲೇ ಕೇಳಿಕೊಂಡು ಹೋಗಿ. ದಾರಿಯಲ್ಲಿ ಹಾಡು ನಿಲ್ಲದಿದ್ದರೆ ರೇಡಿಯೋ ಬಿಡಿ. ಪದೇ ಪದೇ ನಿಂತರೆ ಇಟ್ಟುಕೊಳ್ಳಿ, ಆದರೆ ಪೂರ್ತಿ ರೇಟ್ ಕೊಡುವ ಮುಂಚೆ ಕಡಿಮೆ ಮಾಡಿ ಅಂತ ಫೋನಿನಲ್ಲಿ ಕೇಳಿ. ಕೇಳಿದವರಿಗೆ ಎಷ್ಟೋ ಸಲ ಸಿಗುತ್ತದೆ.

ಹ್ಯೂಸ್ಟನ್ ಹೆಗಡೆ: ಹಳೇ ಕಾರ್ ಹೋದ ವಾರ ಮಾರಿದೆ. ಪ್ಲಾನ್ ತಾನಾಗಿ ನಿಲ್ಲುತ್ತದೆ ಅಲ್ವಾ?

ಮೇಷ್ಟ್ರು: ನಿಲ್ಲುವುದಿಲ್ಲ. ಕಾರ್ ಮಾರಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಇವತ್ತೇ ಫೋನ್ ಮಾಡಿ ರದ್ದು ಮಾಡಿಸಿ, ಇಲ್ಲವೇ ಹೊಸ ಕಾರಿನ ಐಡಿಗೆ ಬದಲಾಯಿಸಿ. ನಾನು ಅಂಗಡಿ ತೆರೆಯಬೇಕು, ಹೊರಟೆ.