ಅಪ್ಪನ ಹೃದಯದ ಚೀಲಕ್ಕೆ ಉರಿಯೂತ, ಕೈನಾಳದಲ್ಲಿ ಸುಣ್ಣ: ಎರಡೂ ಒಂದೇ ಕಾಯಿಲೆನಾ?

ತುಮಕೂರಿನ ಮಗಳು:
ಅಪ್ಪನಿಗೆ 61. ವಾರಕ್ಕೆ ಮೂರು ಸಲ ಡಯಾಲಿಸಿಸ್. ಊರ ಜಾತ್ರೆ ಅಂತ ಎರಡು ಸಲ ತಪ್ಪಿಸಿದ್ರು. ಆಮೇಲೆ ಎದೆನೋವು. ಮಲಗಿದ್ರೆ ಜಾಸ್ತಿ, ದಿಂಬು ತಬ್ಕೊಂಡು ಮುಂದಕ್ಕೆ ಬಾಗಿ ಕೂತ್ರೆ ಹಗುರ. ರಾತ್ರಿಯಿಡೀ ಹಾಗೇ ಕೂತಿದ್ರು. ಇಸಿಜಿಯಲ್ಲಿ ಅಂಥದ್ದೇನೂ ಇಲ್ಲ, ಎಕೋದಲ್ಲಿ ಹೃದಯದ ಸುತ್ತ ನೀರು. ಪೆರಿಕಾರ್ಡೈಟಿಸ್, ಅಂದ್ರೆ ಹೃದಯದ ಚೀಲದ ಉರಿಯೂತ ಅಂದ್ರು. ಅದೇ ವಾರ ಕೈ ಎಕ್ಸ್‌ರೇಯಲ್ಲಿ ಮಣಿಕಟ್ಟಿನ ರಕ್ತನಾಳ ರೈಲು ಹಳಿ ಥರ ಎರಡು ಬಿಳಿ ಗೆರೆಯಾಗಿ ಕಾಣ್ತು. ಹೃದಯದ್ದೇ ಕಾಯಿಲೆ ಕೈಗೂ ಇಳೀತಾ?

ನಿವೃತ್ತ ಪೆಥಾಲಜಿ ಮೇಡಂ:
ಇಲ್ಲಮ್ಮ, ಎರಡೂ ಬೇರೆ. ಆದರೆ ಎರಡಕ್ಕೂ ದಾರಿ ಮಾಡಿದ್ದು ಕಿಡ್ನಿ.

ಹೃದಯ ಇರೋದು ಎರಡು ಪದರದ ಚೀಲದೊಳಗೆ. ನಡುವೆ 15ರಿಂದ 50 ಮಿ.ಲೀ. ದ್ರವ, ಜಾರಿಕೆಗೆ. ಕಶ್ಮಲ ರಕ್ತದಲ್ಲೇ ಉಳಿದರೆ ಪದರಗಳು ಕೆರಳಿ ಫೈಬ್ರಿನ್ ಅನ್ನೋ ಅಂಟು ಒಸರುತ್ತೆ. ನಮ್ಮ ಮ್ಯೂಸಿಯಂನಲ್ಲಿ ಇಂಥ ಹೃದಯ ಇಟ್ಟ ಒಂದು ಜಾಡಿ ಇತ್ತು. ಪ್ರತಿ ಬ್ಯಾಚಿಗೂ ಮೊದಲು ಅದನ್ನೇ ಕೈಗೆ ಕೊಡ್ತಿದ್ದೆ. ಬೆಣ್ಣೆ ಸವರಿದ ಎರಡು ಬ್ರೆಡ್ ಒತ್ತಿ, ಎಳೆದು ಬಿಡಿಸಿ ನೋಡಿ. ಆ ಹೃದಯದ ಮೈ ಥೇಟ್ ಹಾಗೇ, ಒರಟೊರಟು, ಎಳೆ ಎಳೆ. ಈ ಒರಟು ಪದರಗಳು ಉಜ್ಜಿದಾಗ ಸ್ಟೆತಾಸ್ಕೋಪಿನಲ್ಲಿ ಹೊಸ ಚರ್ಮದ ಚಪ್ಪಲಿ ಕಿರುಗುಟ್ಟಿದ ಸದ್ದು. ಕಿಡ್ನಿಯಿಂದ ಬಂದ ಉರಿಯೂತ ಹೃದಯದ ಸ್ನಾಯುವಿಗೆ ಅಷ್ಟಾಗಿ ಇಳಿಯಲ್ಲ, ಹಾಗಾಗಿ ಇಸಿಜಿ ಎಷ್ಟೋ ಸಲ ಸುಮ್ಮನಿರುತ್ತೆ.

ಇನ್ನು ನಾಳ. ಎಲ್ಲರೂ ಹೇಳೋ ಕೊಬ್ಬು ಕಟ್ಟೋದು ಒಳಪದರದಲ್ಲಿ. ಅದನ್ನ ಸೀಳಿದರೆ ಗಂಜಿಯಂಥ ಹಳದಿ ಮುದ್ದೆ. ಇದರ ಹೆಸರು ಅಥೆರೋಸ್ಕ್ಲೆರೋಸಿಸ್, ಅದರಲ್ಲಿನ ಅಥೆರೋ ಅನ್ನೋ ಗ್ರೀಕ್ ಮಾತಿನ ಅರ್ಥವೂ ಗಂಜಿಯೇ. ನಿಮ್ಮಪ್ಪನ ಹಳಿ ಗೆರೆ ಸಾಮಾನ್ಯವಾಗಿ ನಡುಪದರದ್ದು. 1903ರಲ್ಲಿ ಮೊಂಕೆಬರ್ಗ್ ಅನ್ನೋ ಜರ್ಮನ್ ಪೆಥಾಲಜಿಸ್ಟ್ ವಿವರಿಸಿದ್ದು. ಕಿಡ್ನಿ ಹೊರಹಾಕಲಾಗದೆ ರಕ್ತದಲ್ಲಿ ರಂಜಕ (ಫಾಸ್ಫರಸ್) ಏರಿದಾಗ ಅಲ್ಲಿನ ಸ್ನಾಯುಕೋಶಗಳೇ ಮೂಳೆಕೋಶದ ಗುಣ ತಾಳಿ ಸುಣ್ಣ ಕಟ್ತವೆ. ಕತ್ತರಿ ಇಟ್ಟರೆ ಮೊಟ್ಟೆಚಿಪ್ಪು ಒಡೆದಂತೆ ಕರಕ್ ಅನ್ನುತ್ತೆ. ಇದು ದಾರಿ ಮುಚ್ಚೋದಕ್ಕಿಂತ ಹೆಚ್ಚಾಗಿ ನಾಳದ ಬಳುಕು ಕಳೆಯುತ್ತೆ. ಆಗ ಮೇಲಿನ ಬಿಪಿ ಏರಿ ಹೃದಯಕ್ಕೆ ದುಡಿಮೆ ಜಾಸ್ತಿ. ಅಂದಹಾಗೆ ಎರಡೂ ಬಗೆ ಒಬ್ಬರಲ್ಲೇ ಇರಬಹುದು, ಅದನ್ನ ಡಾಕ್ಟರ್ ಹತ್ರ ಕೇಳಿ.

ಡಯಾಲಿಸಿಸ್ ಟೆಕ್ನಿಷಿಯನ್, ಹಾಸನ:
ಅಕ್ಕಾ, ಇಂಥವರಿಗೆ ನಮ್ಮಲ್ಲಿ ಕೆಲವು ದಿನ ದಿನಾಲೂ ಡಯಾಲಿಸಿಸ್ ಹಾಕ್ತೀವಿ. ಚೀಲದೊಳಗೆ ರಕ್ತ ಒಸರಬಾರದು ಅಂತ ಡಾಕ್ಟರು ಹೆಪಾರಿನ್, ಅಂದ್ರೆ ರಕ್ತ ಹೆಪ್ಪುಗಟ್ಟದಂತೆ ಕೊಡೋ ಔಷಧಿ, ನಿಲ್ಲಿಸಿರ್ತಾರೆ. ಉಬ್ಬಸ, ಕತ್ತಿನ ನರ ಉಬ್ಬೋದು, ಬಿಪಿ ಇಳಿಯೋದು ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಎಮರ್ಜೆನ್ಸಿಗೆ ಹೊರಡಿ. ನೀರು ದಿಢೀರ್ ತುಂಬಿದ್ರೆ 200 ಮಿ.ಲೀ. ಕೂಡ ಹೃದಯವನ್ನ ಅದುಮಿಬಿಡುತ್ತೆ. ರಂಜಕದ ಮಾತ್ರೆ ಯಾವಾಗ ತಗೋತಾರೆ?

ತುಮಕೂರಿನ ಮಗಳು:
ಬೆಳಗ್ಗೆ ಖಾಲಿ ಹೊಟ್ಟೆಗೆ, ಬಿಪಿ ಮಾತ್ರೆ ಜೊತೆ.

ಡಯಾಲಿಸಿಸ್ ಟೆಕ್ನಿಷಿಯನ್, ಹಾಸನ:
ಅಯ್ಯೋ ಅಕ್ಕಾ, ಅದು ಊಟದಲ್ಲಿನ ರಂಜಕವನ್ನ ಹೊಟ್ಟೆಯಲ್ಲೇ ಹಿಡಿಯೋ ಮಾತ್ರೆ. ಊಟದ ಜೊತೆಗೇ ಹೋಗ್ಬೇಕು. ನಾಳೆ ಡಾಕ್ಟರಿಗೆ ಚೀಟಿ ತೋರಿಸಿ ಕೇಳಿ.

ತುಮಕೂರಿನ ಮಗಳು:
ತೋರಿಸ್ತೀನಿ. ಮಾತ್ರೆ ಡಬ್ಬಿನ ಈಗಲೇ ಊಟದ ತಟ್ಟೆ ಪಕ್ಕ ತಂದಿಟ್ಟೆ.