ಸಹಾಯ ಬೇಕು: ರಾಯಚೂರಿನ ನರ್ಸ್‌ಗಳಿಗೆ ಡ್ಯೂಟಿ ಪಟ್ಟಿ, ಗೋಡೆ ಚಾರ್ಟ್

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ಹೊಸ ಡ್ಯೂಟಿ ಪಟ್ಟಿ ಮಾಡುತ್ತಿದ್ದೇವೆ. ಪಾಳಿ ಹಾಕಿ ಅನುಭವ ಇರುವ ಇನ್‌ಚಾರ್ಜ್ ಸಿಸ್ಟರ್‌ಗಳು, ಬ್ರದರ್‌ಗಳು ದಯವಿಟ್ಟು ನೆರವಾಗಿ.

ಈಗಿರುವುದು ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಮಧ್ಯಾಹ್ನ ಪಾಳಿಯ ಮರುದಿನವೇ ಬೆಳಗಿನ ಪಾಳಿ ಹಾಕಿದಾಗ ತೊಂದರೆ. ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸಿ (ಹ್ಯಾಂಡೋವರ್) ಮನೆ ಸೇರುವಾಗ 9 ದಾಟಿರುತ್ತದೆ. ಅಡುಗೆ, ಮಕ್ಕಳು ಎಲ್ಲ ಮುಗಿದ ಮೇಲೆ ನಿದ್ದೆಗೆ ಐದಾರು ತಾಸು ಉಳಿದರೆ ಹೆಚ್ಚು. ಹಾಗಾಗಿ ಪಾಳಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮುಂದಕ್ಕೇ ಸರಿಯಬೇಕು. ನೈಟ್ ಸತತ ಮೂರಕ್ಕಿಂತ ಹೆಚ್ಚು ಬೇಡ, ಆಮೇಲೆ ಎರಡು ದಿನ ರಜೆ. ನೈಟ್ ಮುಗಿಸಿ ಬಂದ ದಿನವನ್ನೇ ರಜೆ ಅಂತ ಲೆಕ್ಕ ಹಿಡಿಯುವುದು ಅನ್ಯಾಯ, ಅದು ನಿದ್ದೆಯ ದಿನ. ಆದರೆ ಇಬ್ಬರು ಒಟ್ಟಿಗೆ ರಜೆ ಹಾಕಿದರೆ ಪಟ್ಟಿಯೇ ಕುಸಿಯುತ್ತದೆ. ನಿಮ್ಮಲ್ಲಿ ರಜೆಗೆ ಬದಲಿ ಅಂತ ಎಷ್ಟು ಜನರನ್ನು ಇಟ್ಟಿದ್ದೀರಿ? 20 ನರ್ಸ್‌ಗಳ ಎಕ್ಸೆಲ್ ಮಾದರಿ ಇದ್ದರೆ ಹಾಕಿ.

ಬಳಸಿದ ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕೆಂಬ ಕನ್ನಡ ಚಾರ್ಟೂ ಬೇಕು: ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ, ಗಾಯ ಹಿಂಡಬೇಡಿ, ಕೂಡಲೇ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆ ಮಾತ್ರೆ ಬೇಕೆಂದಾದರೆ ಎರಡು ತಾಸಿನೊಳಗೆ ಶುರುವಾದರೆ ಉತ್ತಮ, 72 ತಾಸು ದಾಟಬಾರದು, ಕೋರ್ಸ್ 28 ದಿನ. ರಾತ್ರಿ ಮಾತ್ರೆಯ ಕಪಾಟಿಗೆ ಬೀಗ ಬಿದ್ದಿರುತ್ತದೆ. ಕೀಲಿ ಯಾರ ಹತ್ತಿರ, ಅವರ ಫೋನ್ ನಂಬರ್ ಏನು ಅಂತ ಬರೆಯಲು ದಪ್ಪ ಅಕ್ಷರದ ಜಾಗ ಬಿಟ್ಟಿರಲಿ. ಡಿಸೈನ್ ಗೊತ್ತಿರುವವರು ಎ3 ಅಳತೆಯಲ್ಲಿ ಮಾಡಿಕೊಟ್ಟರೆ ಪ್ರಿಂಟ್ ನಾವೇ ಹಾಕಿಸುತ್ತೇವೆ.